ಬೆಂಗಾಲ್ ಬೆಕ್ಕಿನ ಬ್ರೀಡಿಂಗ್: ತಾಯಿ ಬೆಕ್ಕನ್ನ ಆರಿಸೋದು, ನೋಡ್ಕೊಳ್ಳೋದು ಹೇಗೆ?

ಬೆಂಗಾಲ್ ಬೆಕ್ಕು ಸಾಕಿದವರು ಒಂದೆರಡು ವರ್ಷ ಆದ್ಮೇಲೆ "ಒಂದು ಒಳ್ಳೇ ಹೆಣ್ಣು ತಗೊಂಡು ಮರಿ ಮಾಡಿಸೋಣ ಅಂತಿದೀವಿ" ಅಂತ ನನಗೆ ಫೋನ್ ಮಾಡ್ತಾರೆ. ಹಿಂದೆನೇ ವಾಟ್ಸಾಪ್‌ಗೆ ಒಂದು ಫೋಟೊ ಬರುತ್ತೆ, ಅದರಲ್ಲಿ ಮೈಮೇಲಿನ ಚುಕ್ಕಿ ಬಿಟ್ರೆ ಇನ್ನೇನೂ ಕಾಣಲ್ಲ. ಹಾಗೆ ಚುಕ್ಕಿ ನೋಡಿ ತಗೊಂಡ ಒಂದು ಹೆಣ್ಣು ಮೊದಲ ಸೂಲಿನ ನಾಲ್ಕೂ ಮರಿ ಬಿಟ್ಟು ಅಟ್ಟದ ಮೇಲೆ ಹೋಗಿ ಕೂತುಬಿಡ್ತು. ಎರಡು ಉಳೀಲಿಲ್ಲ, ಇನ್ನೆರಡನ್ನ ನಾನು ತಂದು ರಾತ್ರಿಯೆಲ್ಲಾ ಎರಡೆರಡು ಗಂಟೆಗೆ ಎದ್ದು ಹಾಲು ಕುಡಿಸಿ ಉಳಿಸಿಕೊಂಡೆ. ಅದಕ್ಕೇ ಇದನ್ನ ಬರೀತಿರೋದು.

ಈ ತಳಿ ನಿಂತಿರೋದೇ ಹೆಣ್ಣುಗಳ ಮೇಲೆ. ಕಾಡಿನ ಚಿರತೆ ಬೆಕ್ಕಿಗೂ ಮನೆ ಬೆಕ್ಕಿಗೂ ಕ್ರಾಸ್ ಮಾಡಿ ಅಮೆರಿಕದಲ್ಲಿ ಜೀನ್ ಮಿಲ್ ಬೆಳೆಸಿದ ತಳಿ ಇದು, ಮೊದಲ ಮೂರು ತಲೆಮಾರಲ್ಲಿ ಗಂಡುಗಳಿಗೆ ಸಾಮಾನ್ಯವಾಗಿ ಸಂತಾನಶಕ್ತಿ ಇರಲ್ಲ, ವಂಶ ಮುಂದುವರಿದಿದ್ದೆಲ್ಲಾ ಹೆಣ್ಣುಮರಿಗಳಿಂದ. ಆ ಚಿರತೆ ಬೆಕ್ಕು ನಮ್ಮ ಮಲೆನಾಡಿನ ಕಾಡಲ್ಲಿ, ಕಾಫಿ ತೋಟದಲ್ಲೂ ಇದೆ, ಆದ್ರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರ ಪ್ರಾಣಿ, ಹಿಡಿಯೋದು ಸಾಕೋದು ಅಪರಾಧ. ಯಾರಾದ್ರೂ "ಎಫ್1 ಮರಿ (ಚಿರತೆ ಬೆಕ್ಕಿಗೇ ನೇರವಾಗಿ ಹುಟ್ಟಿದ ಮೊದಲ ತಲೆಮಾರು) ಇದೆ" ಅಂದ್ರೆ ಅಲ್ಲಿಂದ ಎದ್ದು ಬನ್ನಿ. ನಾವು ಸಾಕಬೇಕಾದ್ದು ನಾಲ್ಕನೇ ತಲೆಮಾರು ದಾಟಿದ ಬೆಕ್ಕುಗಳನ್ನ.

ಹೆಜ್ಜೆ 1: ಮರಿಗಿಂತ ಮೊದಲು ಅದರ ಅಮ್ಮನ್ನ ನೋಡಿ

ಎಲ್ಲರೂ ಎಡವೋದು ಇಲ್ಲೇ. ಮಾರೋರ ಮನೆಗೆ ಎರಡು ಸಲ ಹೋಗಿ, ಮರಿಗೆ ಐದಾರು ವಾರ ಆದಾಗ ಒಂದ್ಸಲ, ಮೂರು ತಿಂಗಳಿಗೆ ಇನ್ನೊಂದ್ಸಲ. ಸೋಫಾ ಮೇಲೆ ಕೂರ್ಬೇಡಿ, ನೆಲದ ಮೇಲೆ ಕೂತು ಅರ್ಧ ಗಂಟೆ ಸುಮ್ಮನಿರಿ. ಮನೆಯವರು ಮರಿ ಎತ್ತಿದಾಗ ಅಮ್ಮ ಏನು ಮಾಡುತ್ತೆ ಗಮನಿಸಿ: ಹತ್ರ ಬಂದು ಮೂಸಿ ಮತ್ತೆ ಮಲಗಿದ್ರೆ ಒಳ್ಳೇದು, ಕಿವಿ ಹಿಂದಕ್ಕೆ ಮಡಚಿ ಗುರ್ ಅಂತ ಮಂಚದ ಕೆಳಗೆ ಸೇರ್ಕೊಂಡ್ರೆ ಮರಿ ಎಷ್ಟೇ ಚೆಂದ ಇರಲಿ ಬೇಡ, ಯಾಕಂದ್ರೆ ಎರಡರಿಂದ ಏಳು ವಾರದ ಒಳಗೆ ಮರಿಗಳು ಮನುಷ್ಯರನ್ನ ನಂಬೋದು ಕಲಿಯೋ ಕಾಲ, ಅಮ್ಮನ ಭಯ ನೋಡ್ತಾ ನೋಡ್ತಾ ಅವಕ್ಕೂ ಅಂಟಿಕೊಳ್ಳುತ್ತೆ. ಆಮೇಲೆ ಕೀ ಗೊಂಚಲನ್ನ ನೆಲಕ್ಕೆ ಬೀಳಿಸಿ. ಎಲ್ಲಾ ಮರಿನೂ ಬೆಚ್ಚಿ ಓಡ್ತವೆ, ಅದು ಸಹಜ. ಅರ್ಧ ನಿಮಿಷದಲ್ಲಿ ವಾಪಸ್ ಬಂದು ಕೀ ಮೂಸಿ ನೋಡೋ ಮರಿನೇ ನನ್ನ ಮರಿ, ಚುಕ್ಕಿ ಸ್ವಲ್ಪ ಮಸುಕಾಗಿದ್ರೂ ಪರವಾಗಿಲ್ಲ, ಒಳ್ಳೇ ಗಂಡಿನಿಂದ ಚುಕ್ಕಿ ತರಬಹುದು.

ಅಮ್ಮ ಎಷ್ಟು ಸೂಲು ಹಾಕಿದೆ, ಎಷ್ಟು ಮರಿ ಉಳಿದ್ವು, ಸಿಸೇರಿಯನ್ ಆಗಿತ್ತಾ, ಹಾಲು ಸಾಕಾಯ್ತಾ, ಎಲ್ಲಾ ಕೇಳಿ. "ಅಮ್ಮ ಬೇರೆ ಕಡೆ ಇದೆ" ಅಂದ್ರೆ ದುಡ್ಡು ಕೊಡಬೇಡಿ.

ಹೆಜ್ಜೆ 2: ಟೆಸ್ಟ್

ಬೆಂಗಾಲ್‌ಗೆ ಪಿಕೆ ಡೆಫಿಷಿಯೆನ್ಸಿ ಅನ್ನೋ ರಕ್ತಹೀನತೆ, ಪಿಆರ್‌ಎ ಅನ್ನೋ ಕಣ್ಣಿನ ಕಾಯಿಲೆ, ಎರಡಕ್ಕೂ ಡಿಎನ್‌ಎ ಟೆಸ್ಟ್ ಇದೆ. ಹೃದಯದ ಗೋಡೆ ದಪ್ಪ ಆಗೋ ಎಚ್‌ಸಿಎಂ ಕಾಯಿಲೆಗೆ ಡಿಎನ್‌ಎ ಟೆಸ್ಟ್ ನಂಬಿ ಕೂರೋ ಹಾಗಿಲ್ಲ, ಕೂಡಿಸೋ ಮೊದಲು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ವರ್ಷಕ್ಕೊಮ್ಮೆ ಮತ್ತೆ ಮಾಡಿಸಿ. ಜೊತೆಗೆ ಬೆಕ್ಕಿಂದ ಬೆಕ್ಕಿಗೆ ಹರಡೋ ಎಫ್‌ಇಎಲ್‌ವಿ, ಎಫ್‌ಐವಿ ವೈರಸ್‌ಗಳ ಟೆಸ್ಟ್. ಲಸಿಕೆ ಗಬ್ಬ ಆಗೋಕ್ಕಿಂತ ಮೊದಲೇ ಮುಗಿಸಿ.

ಹೆಜ್ಜೆ 3: ಕಾಯಿರಿ, ಆಮೇಲೆ ಕೂಡಿಸಿ

ಆರೇಳು ತಿಂಗಳಿಗೇ ಬೆದೆಗೆ ಬಂದು ರಾತ್ರಿಯಿಡೀ ಕೂಗುತ್ತೆ, ಅಕ್ಕಪಕ್ಕದವರು ಬೈತಾರೆ, ನಿಜ. ಆದ್ರೂ ಒಂದು ವರ್ಷ ತುಂಬೋವರೆಗೆ ಗಂಡಿನ ಹತ್ರ ಬಿಡಬೇಡಿ, ನಾನು ಹದಿನೈದು ತಿಂಗಳು ಕಾಯ್ತೀನಿ. ಬೆದೆ ಮುಂದೂಡೋಕೆ ಹಾರ್ಮೋನ್ ಇಂಜೆಕ್ಷನ್ ಹಾಕಿಸೋ ಶಾರ್ಟ್‌ಕಟ್ ಬೇಡವೇ ಬೇಡ, ಗರ್ಭಕೋಶದಲ್ಲಿ ಕೀವು ತುಂಬಿ ಬೆಕ್ಕೇ ಹೋಗಬಹುದು. ಬೆಕ್ಕಲ್ಲಿ ಕೂಡಿದ ಮೇಲೆನೇ ಅಂಡ ಬಿಡುಗಡೆ ಆಗೋದು, ಹಾಗಾಗಿ ಒಂದೇ ಸಲಕ್ಕೆ ಸಾಕಾಗಲ್ಲ, ಹೆಣ್ಣನ್ನ ಗಂಡಿನ ಜಾಗಕ್ಕೆ ಕರ್ಕೊಂಡು ಹೋಗಿ ಎರಡು ಮೂರು ದಿನ ಬಿಡಿ, ಮೊದಲ ದಿನದ ತಾರೀಕು ಕ್ಯಾಲೆಂಡರ್ ಮೇಲೆ ಬರೀರಿ. ಅಲ್ಲಿಂದ 63ರಿಂದ 67 ದಿನಕ್ಕೆ ಹೆರಿಗೆ.

ಹೆಜ್ಜೆ 4: ಬಸುರಿ ಬೆಕ್ಕಿನ ಊಟ

ಒಳ್ಳೇ ಕಿಟನ್ ಫುಡ್, ಕೇಳಿದಷ್ಟು. ಅಷ್ಟೇ. ಕ್ಯಾಲ್ಸಿಯಂ ಸಿರಪ್ ಹಾಕಬೇಡಿ, ಬಸುರಲ್ಲಿ ಹೆಚ್ಚು ಕ್ಯಾಲ್ಸಿಯಂ ಕೊಟ್ರೆ ಮೈ ಅದನ್ನ ಮೂಳೆಯಿಂದ ತೆಗೆಯೋದೇ ಮರೆಯುತ್ತೆ, ಹಾಲು ಕುಡಿಸೋ ಹೊತ್ತಲ್ಲಿ ನಡುಕ ಬಂದು ಬಿದ್ದುಹೋಗುತ್ತೆ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡ್ತೀನಿ. ನಾಯಿಗೆ ಹಾಕೋ ಪರ್ಮೆತ್ರಿನ್ ಇರೋ ಚಿಗಟದ ಔಷಧಿ ಬೆಕ್ಕಿಗೆ ವಿಷ. ನೆಲ ಒರೆಸೋ ಫಿನಾಯಿಲ್ ಕೂಡ ಬೇಡ, ಬೆಕ್ಕು ಪಾದ ನೆಕ್ಕಿಕೊಳ್ಳುತ್ತೆ, ಅದರ ಲಿವರ್‌ಗೆ ಫೀನಾಲ್ ಅರಗಿಸೋ ಶಕ್ತಿ ತುಂಬಾ ಕಡಿಮೆ. ಬಿಸಿನೀರು, ಸೋಪು ಸಾಕು.

ಹೆಜ್ಜೆ 5: ಹೆರಿಗೆ

ಎರಡು ವಾರ ಮೊದಲೇ ಒಂದು ದೊಡ್ಡ ರಟ್ಟಿನ ಡಬ್ಬ ಕತ್ತಲೆ ಮೂಲೆಯಲ್ಲಿ ಇಡಿ, ಒಳಗೆ ಹಳೇ ಕಾಟನ್ ಸೀರೆ. ಟರ್ಕಿ ಟವಲ್ ಬೇಡ, ಅದರ ಎಳೆಗೆ ಮರಿ ಉಗುರು ಸಿಕ್ಕಿಕೊಳ್ಳುತ್ತೆ. ಬೀರು ಬಾಗಿಲು ಹಾಕಿಡಿ, ನುಸಿಗುಳಿಗೆ ಇಟ್ಟ ಸೀರೆಗಳ ಮಧ್ಯೆ ಹೋಗಿ ಮರಿ ಹಾಕಿದ ಬೆಕ್ಕನ್ನ ನಾನೇ ಕಂಡಿದೀನಿ. 60ನೇ ದಿನದಿಂದ ದಿನಕ್ಕೆರಡು ಸಲ ಜ್ವರ ನೋಡಿ, 38 ಡಿಗ್ರಿ ಸೆಲ್ಸಿಯಸ್ ದಾಟಿ ಇರೋ ಮೈಬಿಸಿ 37.5ರ ಹತ್ರ ಇಳಿದ್ರೆ ಸುಮಾರು ಒಂದು ದಿನದೊಳಗೆ ಶುರುವಾಗುತ್ತೆ. 50 ದಿನ ಆದ್ಮೇಲೆ ಒಂದು ಎಕ್ಸ್‌ರೇ ತೆಗೆಸಿ ಮರಿ ಎಷ್ಟು ಅಂತ ತಿಳ್ಕೊಂಡಿರಿ, ಆ ರಾತ್ರಿ ನಿಮ್ಮನ್ನ ಕಾಪಾಡೋದು ಆ ಸಂಖ್ಯೆ ಒಂದೇ.

ಮರಿ ಬಂದ ತಕ್ಷಣ ಅಮ್ಮನೇ ಪೊರೆ ಹರಿದು ನೆಕ್ಕಿ ಹೊಕ್ಕುಳ ಬಳ್ಳಿ ಕಚ್ಚುತ್ತೆ, ನೀವು ಕೈ ಕಟ್ಟಿ ಕೂತಿರಿ. ಒಂದು ನಿಮಿಷ ಆದ್ರೂ ಮುಖದ ಪೊರೆ ಹರೀಲಿಲ್ಲ ಅಂದ್ರೆ ಮಾತ್ರ ಬೆರಳಲ್ಲಿ ಹರಿದು, ಮೂಗು ಬಾಯಿ ಒರೆಸಿ, ಒಣ ಬಟ್ಟೆಯಲ್ಲಿ ಬೆನ್ನು ಉಜ್ಜಿ, ಕೂಗಿದ ಕೂಡಲೇ ಮೊಲೆಗೆ ಹಚ್ಚಿ, ಗಿಣ್ಣು ಹಾಲು ಒಳಗೆ ಹೋಗ್ಲಿ. ಪ್ರತಿ ಮರಿಗೂ ಒಂದು ಮಾಸು ಬಿತ್ತಾ ಅಂತ ಎಣಿಸಿ, ಎಳೆಯೋಕೆ ಹೋಗಬೇಡಿ. ಅರ್ಧ ಗಂಟೆ ಜೋರಾಗಿ ಮುಕ್ಕಿದ್ರೂ ಮರಿ ಬರ್ಲಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೊರಡಿ, ಆಟೋ ನಂಬರ್ ಮೊದಲೇ ಇಟ್ಕೊಂಡಿರಿ. ಆದ್ರೆ ಎರಡು ಮರಿ ಹಾಕಿ, ಆರಾಮಾಗಿ ಹಾಲು ಕುಡಿಸ್ತಾ ಮಲಗಿ, ಗಂಟೆಗಟ್ಟಲೆ ಬಿಟ್ಟು ಮತ್ತೆ ಶುರು ಮಾಡೋ ಬೆಕ್ಕುಗಳೂ ಇವೆ, ಅದು ನೋವಿಲ್ಲದೆ ಶಾಂತವಾಗಿದ್ರೆ ಡಾಕ್ಟರ್‌ಗೆ ಫೋನಲ್ಲಿ ತಿಳಿಸಿ ಕಾಯಿರಿ. ಈ ಗ್ಯಾಪಲ್ಲೇ ಜನ ಗಾಬರಿಯಾಗಿ ಮೆಡಿಕಲ್ ಶಾಪಿಂದ ಆಕ್ಸಿಟೋಸಿನ್ ತಂದು ಚುಚ್ತಾರೆ, ಮರಿ ಅಡ್ಡ ಸಿಕ್ಕಿದ್ರೆ ಗರ್ಭಕೋಶವೇ ಹರಿಯುತ್ತೆ. ದಯವಿಟ್ಟು ಮಾಡ್ಬೇಡಿ.

ಹೆಜ್ಜೆ 6: ಬಾಣಂತನ

ಅಡುಗೆಮನೆ ಡಿಜಿಟಲ್ ತಕ್ಕಡಿ ಒಂದು ಸಾಕು. ಹುಟ್ಟಿದಾಗ 80ರಿಂದ 110 ಗ್ರಾಂ, ದಿನಾ ಒಂದೇ ಹೊತ್ತಿಗೆ ತೂಗಿ ನೋಟ್‌ಬುಕ್‌ನಲ್ಲಿ ಬರೀರಿ, ದಿನಕ್ಕೆ ಹತ್ತು ಗ್ರಾಂ ಆದ್ರೂ ಏರಬೇಕು, ಏರದೆ ನಿಂತ್ರೆ ಅವತ್ತೇ ಡಾಕ್ಟರ್‌ಗೆ ತೋರಿಸಿ. ಮೇಲು ಹಾಲು ಬೇಕಾದ್ರೆ ಬೆಕ್ಕಿನ ಮರಿಗೆ ಅಂತಲೇ ಬರೋ ಪುಡಿ, ಹಸುವಿನ ಹಾಲು ಅಲ್ಲ. ಮರಿ ಮೊಲೆಯಲ್ಲಿರುವಾಗಲೇ ಅಮ್ಮ ಮತ್ತೆ ಬೆದೆಗೆ ಬರಬಹುದು, ಗಂಡನ್ನ ಬೇರೆ ರೂಮಲ್ಲಿಡಿ. ಎರಡು ವರ್ಷಕ್ಕೆ ಮೂರು ಸೂಲಿಗಿಂತ ಹೆಚ್ಚು ನಾನು ಮಾಡಿಸಲ್ಲ, ಐದು ವರ್ಷ ಆಗ್ತಿದ್ದ ಹಾಗೆ ಆಪರೇಷನ್ ಮಾಡಿಸಿ ಮನೇಲೇ ಇಟ್ಕೋತೀನಿ, ಮಾರಲ್ಲ. ಹೊಸದಾಗಿ ತಾಯಿ ಆಗೋ ಬೆಕ್ಕಿನ ಡಬ್ಬದ ಪಕ್ಕ ಹೋಗಿ ಮಲಗೋದೂ ಆ ಹಳೇ ತಾಯಂದಿರೇ.