44,100ರ ತತ್ವಪದ, 48,000ರ ವಿಡಿಯೊ: ಸ್ಯಾಂಪಲ್ ದರ ಹೊಂದಿಸುವ ಬಗೆ

ಕಲಬುರಗಿ ಸುತ್ತಮುತ್ತ ತತ್ವಪದ, ಭಜನೆ ರೆಕಾರ್ಡ್ ಮಾಡಿ ವಿಡಿಯೊಗೆ ಕೂಡಿಸುವ ಕೆಲಸದಲ್ಲಿ ದರಗಳು ಮೇಳವಾಗದೆ ಇರುವುದು ಮಾಮೂಲು. ಕೈ ರೆಕಾರ್ಡರ್ ಸೆಕೆಂಡಿಗೆ 44,100 ಸ್ಯಾಂಪಲ್ (ದನಿಯ ಅಳತೆ) ಬರೆದಿರುತ್ತದೆ, ಕ್ಯಾಮೆರಾ 48,000. ಫೈಲಿನ ಮೇಲಿನ ಸಂಖ್ಯೆಯನ್ನಷ್ಟೇ 48,000 ಅಂತ ತಿದ್ದಿದರೆ ಒಂದು ಗಂಟೆಯ ಹಾಡಿಕೆ 55 ನಿಮಿಷ 7.5 ಸೆಕೆಂಡಿಗೆ ಮುಗಿಯುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ಆಡಾಸಿಟಿ ಎಂಬ ಆಡಿಯೊ ತಿದ್ದುವ ತಂತ್ರಾಂಶದಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ: ಟ್ರ್ಯಾಕಿನ ಪಕ್ಕದ ಮೆನುವಿನಲ್ಲಿರುವ 'ರೇಟ್' ಬರೀ ಹೆಸರು ಬದಲಿಸುತ್ತದೆ. ಸ್ಯಾಂಪಲ್‌ಗಳನ್ನು ಹೊಸದಾಗಿ ಲೆಕ್ಕ ಹಾಕುವುದು 'ಟ್ರ್ಯಾಕ್ಸ್' ಮೆನುವಿನ 'ರೀಸ್ಯಾಂಪಲ್'.

ಎರಡೂ ಸಂಖ್ಯೆಗಳನ್ನು 300ರಿಂದ ಭಾಗಿಸಿದರೆ 147 ಮತ್ತು 160 ಉಳಿಯುತ್ತವೆ. ಅಂದರೆ ಪ್ರತಿ ಎರಡು ಸ್ಯಾಂಪಲ್ ನಡುವೆ 159 ಸೊನ್ನೆ ತುಂಬಬೇಕು, ಲೋಪಾಸ್ ಫಿಲ್ಟರ್ (ಎತ್ತರದ ಕಂಪನಾಂಕ ತಡೆಯುವ ಜಾಲರಿ) ಹಾಯಿಸಬೇಕು, ಪ್ರತಿ 147ಕ್ಕೆ ಒಂದನ್ನು ಎತ್ತಿಕೊಳ್ಳಬೇಕು. ಫಿಲ್ಟರಿಗೆ 160ರಷ್ಟು ಗೇನ್ (ಹಿಗ್ಗಿಸುವಿಕೆ) ಕೊಡಲು ಮರೆತರೆ ದನಿ 44 ಡೆಸಿಬಲ್ ಕುಗ್ಗಿರುತ್ತದೆ. 20 ಕಿಲೋಹರ್ಟ್ಸ್‌ವರೆಗೆ ಹಾಗೇ ಬಿಟ್ಟು 22.05ರ ಹೊತ್ತಿಗೆ 100 ಡೆಸಿಬಲ್ ತಡೆಯುವ ಕೈಸರ್ ವಿಂಡೋ ಫಿಲ್ಟರಿಗೆ ಆಕಾರ ತೀರ್ಮಾನಿಸುವ ಸಂಖ್ಯೆ ಬೀಟಾ ಸುಮಾರು 10, ಗುಣಾಂಕಗಳು ಅಂದರೆ ಟ್ಯಾಪ್‌ಗಳು ಸುಮಾರು 22,000 ಬೇಕು. ಗಾಬರಿ ಬೇಡ. ಸೊನ್ನೆಗಳ ಗುಣಾಕಾರ ಬಿಟ್ಟುಬಿಟ್ಟರೆ ಒಂದೊಂದು ಹೊಸ ಸ್ಯಾಂಪಲ್ಲಿಗೆ ಬೀಳುವುದು 138 ಗುಣಾಕಾರ ಮಾತ್ರ. ಫಿಲ್ಟರನ್ನು ಹೀಗೆ 160 ತುಂಡು (ಫೇಸ್) ಮಾಡಿಕೊಳ್ಳುವುದಕ್ಕೇ ಪಾಲಿಫೇಸ್ ಅನ್ನುವುದು.

'ಇಷ್ಟೆಲ್ಲ ಯಾಕೆ, ಎರಡು ಸ್ಯಾಂಪಲ್ ನಡುವೆ ಗೆರೆ ಎಳೆದರೆ ಸಾಲದೇ' ಅಂತ ಕೇಳುವವರಿದ್ದಾರೆ. ಸಾಲದು. ಕಂಚಿನ ತಾಳದ ದನಿಯನ್ನೇ ನೋಡಿ, ಅದರಲ್ಲಿ 15 ಕಿಲೋಹರ್ಟ್ಸ್ ಆಚೆಗೂ ಬೇಕಾದಷ್ಟು ಸತ್ವವಿದೆ. 15ರ ಸ್ವರಕ್ಕೆ 44.1 ದರದಲ್ಲಿ 29.1ರ ಬಳಿ ಒಂದು ಪ್ರತಿಬಿಂಬ ಇರುತ್ತದೆ, ಅದು 48ಕ್ಕೆ ಬಂದಾಗ ಮಡಚಿಕೊಂಡು 18.9ಕ್ಕೆ ಬೀಳುತ್ತದೆ. ಗೆರೆ ಎಳೆಯುವ ವಿಧಾನದಲ್ಲಿ ಈ ಭೂತ ಮೂಲ ಸ್ವರಕ್ಕಿಂತ ಬರೀ 11.5 ಡೆಸಿಬಲ್ ಕೆಳಗಿರುತ್ತದೆ. ಸಾಲದ್ದಕ್ಕೆ ಮೂಲ ಸ್ವರವೇ 3 ಡೆಸಿಬಲ್‌ಗಿಂತ ಹೆಚ್ಚು ಕುಂದುತ್ತದೆ. ತಾಳ ಮಂಕಾಗಿ, ಜೊತೆಗೆ ಮರಳು ಉಜ್ಜಿದ ಹಾಗೆ ಕೇಳುವುದು ಇದರಿಂದಲೇ.

ಕೋಡ್ ಬರೆಯುವವರು ಮೂರು ಕಡೆ ಎಡವುತ್ತಾರೆ. ಫೈಲನ್ನು ತುಂಡು ತುಂಡಾಗಿ ಓದುತ್ತ ಬ್ಲಾಕ್‌ನಿಂದ ಬ್ಲಾಕ್‌ಗೆ ಹೋಗುವಾಗ ಹಿಂದಿನ 137 ಸ್ಯಾಂಪಲ್ ಉಳಿಸಿಕೊಳ್ಳದಿದ್ದರೆ ಪ್ರತಿ ಗಡಿಯಲ್ಲೂ 'ಟಿಕ್' ಅನ್ನುತ್ತದೆ. 160 ಫೇಸ್‌ಗಳಲ್ಲಿ ಪ್ರತಿಯೊಂದರ ಗುಣಾಂಕಗಳ ಮೊತ್ತ ನಿಖರವಾಗಿ 1 ಆಗದಿದ್ದರೆ ಸಣ್ಣ ಸಿಳ್ಳು ಸೇರಿಕೊಳ್ಳುತ್ತದೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಮೂಲದಲ್ಲಿ ಎಲ್ಲಿದ್ದೇವೆ ಎನ್ನುವ ಸ್ಥಾನವನ್ನು ದಶಮಾಂಶ ಸಂಖ್ಯೆಯಾಗಿ 32 ಬಿಟ್ ಫ್ಲೋಟ್‌ನಲ್ಲಿ ಕೂಡಿಸುತ್ತ ಹೋಗುವುದು. 83,88,608ನೇ ಸ್ಯಾಂಪಲ್ ದಾಟಿದ ಮೇಲೆ ಅದರಲ್ಲಿ ದಶಮಾಂಶಕ್ಕೆ ಜಾಗವೇ ಇಲ್ಲ. ಅಂದರೆ 3 ನಿಮಿಷ 10 ಸೆಕೆಂಡಿಗೆ. ಅದಕ್ಕೂ ಮುಂಚೆಯೇ ದನಿ ಒರಟಾಗುತ್ತ ಬರುತ್ತದೆ, ಚಿಕ್ಕ ಫೈಲಿನಲ್ಲಿ ಪರೀಕ್ಷಿಸಿದವರಿಗೆ ಗೊತ್ತಾಗುವುದಿಲ್ಲ. ಪೂರ್ಣಾಂಕದಲ್ಲೇ ಇಡಿ: ಫೇಸಿಗೆ 147 ಕೂಡಿಸಿ, 160 ಮುಟ್ಟಿದರೆ ಅಥವಾ ದಾಟಿದರೆ 160 ಕಳೆದು ಮೂಲದಲ್ಲಿ ಒಂದು ಸ್ಯಾಂಪಲ್ ಮುಂದೆ ಹೋಗಿ.

ಇಷ್ಟಾದರೂ ಹಾಡುಗಾರರ ತುಟಿ ಮತ್ತು ದನಿ ತಪ್ಪಬಹುದು, ಯಾಕೆಂದರೆ ಎರಡು ಯಂತ್ರಗಳ ಸ್ಫಟಿಕ ಗಡಿಯಾರಗಳು ಒಂದೇ ಓಟದಲ್ಲಿ ಇರುವುದಿಲ್ಲ. ಹತ್ತು ಲಕ್ಷಕ್ಕೆ 50 ಪಾಲು ವ್ಯತ್ಯಾಸವಿದ್ದರೂ ಗಂಟೆಗೆ 180 ಮಿಲಿಸೆಕೆಂಡು, ಅಂದರೆ 25 ಫ್ರೇಮಿನ ವಿಡಿಯೊದಲ್ಲಿ ನಾಲ್ಕೂವರೆ ಫ್ರೇಮು. ಅಳೆಯಲು ಶುರುವಿನಲ್ಲಿ ಒಂದು, ಕೊನೆಯಲ್ಲಿ ಒಂದು ತಾಳದ ಪೆಟ್ಟು ಆರಿಸಿಕೊಳ್ಳುತ್ತೇನೆ. ಚಿತ್ರದಿಂದ ಅಳೆಯಬೇಡಿ, ಒಂದು ಫ್ರೇಮೇ 40 ಮಿಲಿಸೆಕೆಂಡು. ಕ್ಯಾಮೆರಾದ ಸ್ವಂತ ಆಡಿಯೊದಲ್ಲಿ ಪೆಟ್ಟಿನ ತುದಿ ಹುಡುಕಿ. ಎರಡೂ ಪೆಟ್ಟು ಒಂದೇ ಜಾಗದಿಂದ ಬಂದಿರಲಿ, ದನಿಗೆ ಮೀಟರಿಗೆ ಸುಮಾರು 3 ಮಿಲಿಸೆಕೆಂಡು ಹಿಡಿಯುತ್ತದೆ. ಕ್ಯಾಮೆರಾದಲ್ಲಿ 3,000 ಸೆಕೆಂಡು ಇದ್ದದ್ದು ರೆಕಾರ್ಡರ್‌ನಲ್ಲಿ 3,000.15 ಬಂದರೆ ರೆಕಾರ್ಡರ್‌ನ ನಿಜವಾದ ದರ 44,102.205.

ಈ ತಿದ್ದುಪಡಿ ಮತ್ತು 48,000ದ ಬದಲಾವಣೆ ಎರಡನ್ನೂ ಒಂದೇ ಸಲಕ್ಕೆ ಮಾಡಬೇಕು. ಎರಡು ಸಲ ಫಿಲ್ಟರ್ ಹಾಯಿಸುವುದು ನನಗೆ ಒಪ್ಪಿಗೆಯಿಲ್ಲ. ಸಾಕ್ಸ್ (SoX) ಎಂಬ ಕಮಾಂಡ್‌ಲೈನ್ ತಂತ್ರಾಂಶದಲ್ಲಿ ಮೊದಲು ಗೇನ್ ಮೈನಸ್ 3, ಆಮೇಲೆ ಸ್ಪೀಡ್ 1.00005, ಆಮೇಲೆ ರೇಟ್ 'ವೆರಿ ಹೈ' 48,000. ಸ್ಪೀಡ್ ಇಲ್ಲಿ ದರದ ಸಂಖ್ಯೆಯನ್ನಷ್ಟೇ ಬದಲಿಸುತ್ತದೆ, ಲೆಕ್ಕ ನಡೆಯುವುದು ಒಮ್ಮೆಯೇ. 3 ಡೆಸಿಬಲ್ ಇಳಿಸುವುದು ಯಾಕೆಂದರೆ ಹೊಸ ಸ್ಯಾಂಪಲ್‌ಗಳು ಹಳೆಯ ಶಿಖರಕ್ಕಿಂತ ಮೇಲೆ ಬೀಳಬಹುದು. ಡಿದರ್ (ಬಿಟ್ ಇಳಿಸುವಾಗಿನ ದೋಷ ಮರೆಸಲು ಬೆರೆಸುವ ಸಣ್ಣ ಗದ್ದಲ) ಕೊಟ್ಟಕೊನೆಗೆ, 16 ಬಿಟ್‌ಗೆ ಇಳಿಸುವಾಗ, ಒಂದೇ ಸಲ.

ಮೊದಲು 20 ಹರ್ಟ್ಸ್‌ನಿಂದ 22 ಕಿಲೋಹರ್ಟ್ಸ್‌ಗೆ ಏರುವ ಸ್ವರವೊಂದನ್ನು ಇದೇ ದಾರಿಯಲ್ಲಿ ಹಾಯಿಸಿ ಸ್ಪೆಕ್ಟ್ರೋಗ್ರಾಮ್ (ಹೊತ್ತು ಹೋದಂತೆ ಕಂಪನಾಂಕ ತೋರಿಸುವ ಚಿತ್ರ) ನೋಡಿ. ಏರುವ ಗೆರೆ ಒಂದೇ ಇರಬೇಕು. ಏರುವುದಾಗಲಿ ಇಳಿಯುವುದಾಗಲಿ, ಇನ್ನೊಂದು ಗೆರೆ ಕಂಡರೆ ಫಿಲ್ಟರ್ ಸೋರುತ್ತಿದೆ.

ಕೊನೆಗೆ ವಿಡಿಯೊದ ನಡುಭಾಗ ನೋಡಿ. ಎರಡು ತುದಿ ಕೂಡಿ ನಡುವೆ ತಪ್ಪಿದ್ದರೆ ಅದು ಬಿಸಿಲಿನ ಕೆಲಸ ಇರಬಹುದು. ಶರಣಬಸವೇಶ್ವರ ಜಾತ್ರೆ ಹೊತ್ತಿನ ಬಿಸಿಲಿಗೆ ಇಟ್ಟ ರೆಕಾರ್ಡರ್ ಕಾದ ಹಾಗೆ ಅದರ ಗಡಿಯಾರದ ಓಟವೂ ಬದಲಾಗುತ್ತದೆ. ಆಗ ಎರಡು ಪದಗಳ ನಡುವಿನ ಬಿಡುವಿನಲ್ಲಿ ಕತ್ತರಿಸಿ, ಒಂದೊಂದು ತುಂಡಿಗೂ ಬೇರೆ ಅನುಪಾತ ಅಳೆದು ಹಾಕುತ್ತೇನೆ.