ಈರುಳ್ಳಿ ಸಿಪ್ಪೆ, ಸೋಯಾ ಕಿಣ್ವ ಮತ್ತು ಗ್ರಾಫಿನ ಮೊದಲ ನಿಮಿಷ

ಕೊಲ್ಹಾರ, ಬಸವನ ಬಾಗೇವಾಡಿ ಕಡೆಯ ಈರುಳ್ಳಿ ವಿಜಯಪುರದ ಮಾರುಕಟ್ಟೆಗೆ ಬರುವ ದಿನಗಳಲ್ಲಿ ಚೀಲ ಇಳಿಸಿದಲ್ಲೆಲ್ಲ ಸಿಪ್ಪೆ ಹಾರಾಡುತ್ತಿರುತ್ತದೆ. ಕ್ವೆರ್ಸೆಟಿನ್ ಎಂಬ ಆಂಟಿಆಕ್ಸಿಡೆಂಟ್ ಹೆಚ್ಚಿರುವುದು ಯಾರಿಗೂ ಬೇಡದ ಆ ಸಿಪ್ಪೆಯಲ್ಲೇ. ತಿರುಳಿನಲ್ಲಿ ಅದು ಬಹುಪಾಲು ಸಕ್ಕರೆಯೊಂದಿಗೆ ಬೆಸೆದುಕೊಂಡಿರುತ್ತದೆ, ಒಣ ಸಿಪ್ಪೆಯಲ್ಲಿ ಬಿಡಿಯಾಗಿ ಸಿಗುತ್ತದೆ. ಜೀವರಸಾಯನಶಾಸ್ತ್ರ ಕಲಿಸುವ ನಾನು ಸ್ನಾತಕೋತ್ತರ ವಿದ್ಯಾರ್ಥಿಗಳ ಜೊತೆ, ಅದು ಲಿಪಾಕ್ಸಿಜನೇಸ್ ಎಂಬ ಕಿಣ್ವವನ್ನು ತಡೆಯುತ್ತದೆಯೇ ಎಂಬುದನ್ನೇ ಪರೀಕ್ಷೆಗೆ ಎತ್ತಿಕೊಂಡೆ.

ನಮ್ಮ ದೇಹದಲ್ಲಿ 5-ಲಿಪಾಕ್ಸಿಜನೇಸ್ ಎಂಬ ಕಿಣ್ವ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲಕ್ಕೆ ಆಮ್ಲಜನಕ ಸೇರಿಸಿ, ಉರಿಯೂತ ತರುವ ಲ್ಯೂಕೋಟ್ರೈನುಗಳ ತಯಾರಿಗೆ ದಾರಿ ಮಾಡುತ್ತದೆ. ಉಬ್ಬಸದಲ್ಲಿ ಶ್ವಾಸನಾಳ ಬಿಗಿಯುವುದರಲ್ಲಿ ಇವುಗಳ ಪಾಲು ದೊಡ್ಡದು. ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಪಡೆದ ಜೈಲ್ಯೂಟಾನ್ ಔಷಧ ತಡೆಯುವುದು ಈ ಕಿಣ್ವವನ್ನೇ. ಮಾನವ ಕಿಣ್ವ ದುಬಾರಿ. ಹಾಗಾಗಿ ಬಹಳಷ್ಟು ಸಾಮಾನ್ಯ ಪ್ರಯೋಗಾಲಯಗಳಂತೆ ನಾವೂ ಸೋಯಾ ಅವರೆಯಲ್ಲಿರುವ ಲಿಪಾಕ್ಸಿಜನೇಸ್ ಕಿಣ್ವಕ್ಕೆ ಮೊರೆಹೋದೆವು. ಬೈಲಹೊಂಗಲದಿಂದ ತರಿಸಿದ ಸೋಯಾ ಬೀಸಿ, ಹೆಕ್ಸೇನಿನಲ್ಲಿ ಎಣ್ಣೆ ತೆಗೆದು, ತಣ್ಣನೆಯ ಬಫರಿನಲ್ಲಿ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಕಿಣ್ವವನ್ನು ಇಳಿಸಿಕೊಂಡೆವು.

ಅಳತೆಯ ವಿಧಾನ ಸರಳ. ಪಿಎಚ್ 9ರ ಬೋರೇಟ್ ಬಫರಿನಲ್ಲಿ ಲಿನೋಲಿಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಹಾಕಿ, ಕಿಣ್ವ ಸೇರಿಸಿ, 234 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ ಏರುವುದನ್ನು ನೋಡುತ್ತಾ ಹೋಗುವುದು. ಕಿಣ್ವ ಆ ಆಮ್ಲಕ್ಕೆ ಆಮ್ಲಜನಕ ಸೇರಿಸಿದಾಗ ಹುಟ್ಟುವ ಹೈಡ್ರೋಪೆರಾಕ್ಸೈಡ್ ಹೀರುವುದು ಈ ಬೆಳಕನ್ನೇ. ಗಾಜಿನ ಕ್ಯೂವೆಟ್ (ದ್ರಾವಣ ಹಾಕಿ ಅಳೆಯುವ ಪುಟ್ಟ ಪಾತ್ರೆ) ಇಲ್ಲಿ ನಡೆಯದು, ಕ್ವಾರ್ಟ್ಜ್ ಬೇಕೇ ಬೇಕು.

ಬಹಳ ಜನ ಐದು ನಿಮಿಷದ ಕೊನೆಯ ಒಂದು ಅಂಕಿ ಹಿಡಿದು ಶೇಕಡಾವಾರು ತಡೆ ಲೆಕ್ಕ ಹಾಕಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಿಣ್ವದ ನಡುವಿನಲ್ಲಿ ಒಂದು ಕಬ್ಬಿಣದ ಅಯಾನು ಇದೆ. ವಿಶ್ರಾಂತ ಸ್ಥಿತಿಯಲ್ಲಿ ಅದು ಫೆರಸ್; ಕೆಲಸ ಮಾಡಲು ಒಂದು ಎಲೆಕ್ಟ್ರಾನ್ ಕಳೆದುಕೊಂಡು ಫೆರಿಕ್ ಆಗಬೇಕು. ಹಾಗೆ ಎಬ್ಬಿಸುವುದು ಲಿನೋಲಿಯಿಕ್ ಆಮ್ಲದಿಂದ ಹುಟ್ಟುವ ಹೈಡ್ರೋಪೆರಾಕ್ಸೈಡ್. ಆದ್ದರಿಂದಲೇ ಗ್ರಾಫ್ ಮೊದಲು ಕೆಲ ಹೊತ್ತು ಮಲಗಿರುತ್ತದೆ, ಆಮೇಲೆ ಏರುತ್ತದೆ. ಆಂಟಿಆಕ್ಸಿಡೆಂಟ್ ಫೆರಿಕ್ಕನ್ನು ಮತ್ತೆ ಫೆರಸ್‌ಗೆ ಇಳಿಸಿದರೆ ಆ ಆರಂಭದ ವಿಳಂಬ ಹಿಗ್ಗುತ್ತದೆ. ಕಿಣ್ವದ ಕ್ರಿಯಾತಾಣವನ್ನೇ ಹಿಡಿದು ಕೂತರೆ ಏರಿಕೆಯ ವೇಗವೂ ತಗ್ಗುತ್ತದೆ. ಕೊನೆಯ ಅಂಕಿಯಲ್ಲಿ ಇವೆರಡೂ ಕಲಸಿಹೋಗುತ್ತವೆ.

ನಮ್ಮೂರಿನ ಬಿಸಿಲಿಗೆ ಇಲ್ಲೊಂದು ಪಾತ್ರವಿದೆ. ಲಿನೋಲಿಯಿಕ್ ಆಮ್ಲ ಸೆಕೆಗೆ ತಾನಾಗಿಯೇ ಆಕ್ಸಿಡೀಕರಣಗೊಂಡು ಹೈಡ್ರೋಪೆರಾಕ್ಸೈಡ್ ಕಟ್ಟಿಕೊಳ್ಳುತ್ತದೆ. ಅಂಥ ದ್ರಾವಣದಲ್ಲಿ ಕಿಣ್ವ ತಕ್ಷಣ ಎಚ್ಚರಗೊಳ್ಳುವುದರಿಂದ ವಿಳಂಬವೇ ಕಾಣುವುದಿಲ್ಲ, ಆಂಟಿಆಕ್ಸಿಡೆಂಟಿನ ಕೆಲಸ ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ನಾನು ಪ್ರತಿದಿನ ಬೆಳಿಗ್ಗೆ ಹೊಸ ದ್ರಾವಣ ಮಾಡಿಸಿ, ನೈಟ್ರೋಜನ್ ಹಾಯಿಸಿ, ಮಂಜುಗಡ್ಡೆಯಲ್ಲಿಟ್ಟು, ಮಧ್ಯಾಹ್ನಕ್ಕೆ ಚೆಲ್ಲಿಸುತ್ತಿದ್ದೆ. ವಿದ್ಯಾರ್ಥಿಗಳಿಗೆ ಬೇಸರ ಬಂದರೂ ಈ ವಿಷಯದಲ್ಲಿ ನಾನು ರಾಜಿಯಾಗಲಿಲ್ಲ.

ಕ್ವೆರ್ಸೆಟಿನ್ನೂ ಕೀಟಲೆಯ ವಸ್ತುವೇ. 234ರಲ್ಲಿ ತಾನೇ ಬೆಳಕು ಹೀರುತ್ತದೆ, ಕ್ಷಾರದಲ್ಲಿ ನೋಡನೋಡುತ್ತಲೇ ಬಣ್ಣ ತಿರುಗಿ ಕೆಡುತ್ತದೆ. ಕಿಣ್ವವಿಲ್ಲದ ಜೋಡಿ ಕ್ಯೂವೆಟ್ ಇಟ್ಟು ಅದರ ಪಾಲು ಕಳೆಯಬೇಕು, ಎಥನಾಲಿನಲ್ಲಿ ಕರಗಿಸಿದ ಕ್ವೆರ್ಸೆಟಿನ್ನನ್ನು ಕೊನೆಯ ಗಳಿಗೆಯಲ್ಲಿ ಸೇರಿಸಬೇಕು. ಅದು ನೀರಿನಲ್ಲಿ ಮುದ್ದೆಗಟ್ಟಿ ಯಾವ ಕಿಣ್ವವನ್ನಾದರೂ ಸುಮ್ಮನೆ ಅಂಟಿಸಿಕೊಳ್ಳಬಲ್ಲದು. ಹಾಗಾಗಿ ಆ ಮುದ್ದೆ ಬಿಡಿಸುವ ಮಾರ್ಜಕ ಟ್ರೈಟಾನ್ ಎಕ್ಸ್-100ನ್ನು ಸ್ವಲ್ಪ ಹಾಕಿಯೂ ನೋಡಿದೆವು. ತಡೆ ಉಳಿಯಿತು, ನನಗೆ ಸಮಾಧಾನವಾಯಿತು. ಆಂಟಿಆಕ್ಸಿಡೆಂಟ್ ಗುಣವನ್ನಷ್ಟೇ ತೋರಿಸುವ ಡಿಪಿಪಿಎಚ್ ಪರೀಕ್ಷೆಯಲ್ಲಿ ನೇರಳೆ ಬಣ್ಣ ಹಳದಿಯಾದ ಮಾತ್ರಕ್ಕೆ ಕಿಣ್ವ ನಿಂತಿತೆಂದು ಬರೆಯಲು ನಾನು ಯಾರಿಗೂ ಬಿಡುವುದಿಲ್ಲ.

ನಮ್ಮ ಗ್ರಾಫುಗಳಲ್ಲಿ ಕಡಿಮೆ ಪ್ರಮಾಣದಲ್ಲಿ ಮೊದಲು ಹಿಗ್ಗಿದ್ದು ವಿಳಂಬ; ಪ್ರಮಾಣ ಏರಿಸಿದಾಗ ಏರಿಕೆಯ ವೇಗವೂ ತಗ್ಗಿತು. ಕ್ವೆರ್ಸೆಟಿನ್ ಅಣುವಿನಲ್ಲಿ ಅಕ್ಕಪಕ್ಕ ಎರಡು ಹೈಡ್ರಾಕ್ಸಿಲ್ ಗುಂಪುಗಳಿರುವ ಉಂಗುರವೇ ಕಬ್ಬಿಣಕ್ಕೆ ಎಲೆಕ್ಟ್ರಾನ್ ಕೊಡುವುದಕ್ಕೂ ಅದನ್ನು ಹಿಡಿಯುವುದಕ್ಕೂ ಒದಗುತ್ತದೆ ಎಂಬುದು ನನ್ನ ಓದು.

ಸಿಪ್ಪೆಯ ಕಷಾಯ ಕುಡಿದರೆ ಮಂಡಿನೋವು ಹೋಗುತ್ತದೆಯೇ ಎಂದು ಬೆಳೆಗಾರರು ಕೇಳುತ್ತಾರೆ. ಹಾಗೆ ಹೇಳಲು ಈ ಪ್ರಯೋಗ ಸಾಲದು ಎಂದು ಬಿಡಿಸಿ ಹೇಳುತ್ತೇನೆ. ಸೋಯಾ ಕಿಣ್ವ ಆಮ್ಲಜನಕ ಸೇರಿಸುವ ಜಾಗವೇ ಬೇರೆ, ಅದರ ಸ್ವಭಾವ ಮನುಷ್ಯನ 15-ಲಿಪಾಕ್ಸಿಜನೇಸಿಗೆ ಹತ್ತಿರ. ಜೊತೆಗೆ ಹೊಟ್ಟೆಗೆ ಹೋದ ಕ್ವೆರ್ಸೆಟಿನ್ನಿಗೆ ಕರುಳು ಮತ್ತು ಯಕೃತ್ತು ಬೇಗನೆ ಗ್ಲುಕುರೋನಿಕ್ ಆಮ್ಲ, ಸಲ್ಫೇಟ್ ಜೋಡಿಸುತ್ತವೆ. ರಕ್ತದಲ್ಲಿ ಓಡಾಡುವುದು ಹೆಚ್ಚಾಗಿ ಆ ರೂಪಗಳೇ. ಈಗ ತಿರುಳಿನ ಸಾರವನ್ನು ಅದೇ ಕ್ಯೂವೆಟ್ಟಿನಲ್ಲಿ ಪರೀಕ್ಷಿಸುತ್ತಿದ್ದೇವೆ. ಸಕ್ಕರೆ ಆ ಉಂಗುರದ ಹೈಡ್ರಾಕ್ಸಿಲ್‌ಗೇ ಅಂಟಿಕೊಂಡಿರುವಾಗ ವಿಳಂಬ ಎಷ್ಟು ಕುಗ್ಗುತ್ತದೆ ಎಂಬುದನ್ನು ಅಳೆಯಬೇಕಾಗಿದೆ.