ಬದಲಿ ಬೋರ್ಡ್ ಹಾಕಿದರೂ ಪಿನ್‌ಬಾಲ್ ಯಂತ್ರ ಏಳದಿದ್ದರೆ

ಟಿಳಕವಾಡಿಯ ಸ್ನೇಹಿತರೊಬ್ಬರು ಅಮೆರಿಕದ ಬ್ಯಾಲಿ ಕಂಪನಿಯ ತಮ್ಮ ಹಳೆಯ ಪಿನ್‌ಬಾಲ್ ಯಂತ್ರಕ್ಕೆ (ಉಕ್ಕಿನ ಗುಂಡನ್ನು ಚಿಮ್ಮಿಸಿ ಆಡುವ ಯಂತ್ರ) ವಿದೇಶದಿಂದ ತರಿಸಿದ ಬದಲಿ ಬೋರ್ಡನ್ನು, ಎಂದರೆ ಆಟವನ್ನು ನಡೆಸುವ ಚಿಪ್ಪುಗಳಿರುವ ಮುಖ್ಯ ಬೋರ್ಡನ್ನು, ಕೆಟ್ಟಿದೆಯೆಂದು ಎರಡು ಸಲ ಹಿಂದಿರುಗಿಸಿದರು. ಎರಡೂ ಸಲ ಬೋರ್ಡ್ ಚೆನ್ನಾಗಿಯೇ ಇತ್ತು; ಸುಟ್ಟುಹೋಗಿದ್ದದ್ದು ಕೆಲವೇ ರೂಪಾಯಿಯ ಒಂದು ಫ್ಯೂಸ್. ಹೊಸ ಬೋರ್ಡನ್ನು ಅನುಮಾನಿಸುವ ಮೊದಲು ಅದಕ್ಕೆ ವಿದ್ಯುತ್ ತಂದುಕೊಡುವ ದಾರಿಯನ್ನು ಪರೀಕ್ಷಿಸಬೇಕು. ಅದನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು 1977ರಿಂದ 1985ರ ಸುಮಾರಿನ ಬ್ಯಾಲಿ ಯಂತ್ರಗಳನ್ನು ಮುಂದಿಟ್ಟುಕೊಂಡು ಇಲ್ಲಿ ಹೇಳಿದ್ದೇನೆ.

ಮೊದಲು ಪ್ಲಗ್ ಕಿತ್ತು, ಪ್ರತಿಯೊಂದು ಕನೆಕ್ಟರಿನ ಫೋಟೊ ತೆಗೆದುಕೊಳ್ಳಿರಿ. ಯಂತ್ರ ಅಮೆರಿಕದಿಂದ ಬಂದಿದ್ದರೆ, ಟ್ರಾನ್ಸ್‌ಫಾರ್ಮರಿನ ತಂತಿಗಳನ್ನು ನಮ್ಮ 230 ವೋಲ್ಟಿಗೆ ಬದಲಿಸಿದ್ದಾರೆಯೇ ಎಂಬುದನ್ನೂ ನೋಡಿರಿ.

ಇನ್ನು ಕನೆಕ್ಟರುಗಳು. ಬಹುತೇಕರು ಸೋಲುವುದು ಇಲ್ಲಿಯೇ. ಈ ಯಂತ್ರಗಳ ಮೂಲ ಬೋರ್ಡ್ ಸಾಯುವುದು ಹೆಚ್ಚಾಗಿ ಅದರ ಮೇಲಿರುವ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರುವುದರಿಂದ. ಸೋರಿದ ಕ್ಷಾರ ಬೋರ್ಡಿಗಷ್ಟೇ ನಿಲ್ಲದೆ ಪಿನ್ನುಗಳನ್ನು ಹಸಿರುಗಟ್ಟಿಸಿ, ತಂತಿಯ ಪ್ಲಾಸ್ಟಿಕ್ ಹೊದಿಕೆಯ ಒಳಗೂ ಏರಿರುತ್ತದೆ. ಆದ್ದರಿಂದ ಬೋರ್ಡನ್ನು ಮಾತ್ರ ಬದಲಿಸಿ ಹಳೆಯ ಕನೆಕ್ಟರನ್ನೇ ಅದಕ್ಕೆ ಒತ್ತಿದರೆ ಹಳೆಯ ರೋಗವನ್ನೇ ಹೊಸ ಬೋರ್ಡಿಗೆ ಅಂಟಿಸಿದಂತಾಗುತ್ತದೆ. ಅಂಥ ಕನೆಕ್ಟರಿನ ಲೋಹದ ಟರ್ಮಿನಲ್ಲುಗಳನ್ನು ತೆಗೆದುಹಾಕಿ, ತಾಮ್ರ ಫಳಫಳನೆ ಕಾಣುವವರೆಗೆ ತಂತಿಯನ್ನು ಹಿಂದಕ್ಕೆ ಕತ್ತರಿಸುತ್ತ ಹೋಗಬೇಕು. ತಂತಿ ಗಿಡ್ಡವಾದರೆ ಅಷ್ಟೇ ದಪ್ಪದ ತುಂಡನ್ನು ಬೆಸೆದು ಉದ್ದ ಮಾಡಿ, ಆಮೇಲೆ ಹೊಸ ಟರ್ಮಿನಲ್ಲನ್ನು ಕ್ರಿಂಪ್ ಮಾಡಬೇಕು, ಎಂದರೆ ತಂತಿಗೆ ಅಮುಕಿ ಬಿಗಿಯಬೇಕು. ಕ್ರಿಂಪಿಂಗ್‌ಗೆ ಅದರದೇ ಇಕ್ಕಳ ಬೇಕು. ಸಾಮಾನ್ಯ ಇಕ್ಕಳದಿಂದ ಅಮುಕಿದ ಟರ್ಮಿನಲ್ ಮೀಟರಿನಲ್ಲಿ ಸರಿಯಾಗಿಯೇ ತೋರಿಸುತ್ತದೆ, ಆಟ ಶುರುವಾಗಿ ಯಂತ್ರ ಅದುರತೊಡಗಿದಾಗ ಕೈಕೊಡುತ್ತದೆ. ಮರಳು ಕಾಗದದಿಂದ ಪಿನ್ನನ್ನು ಉಜ್ಜಿ ಹೊಳೆಸುವವರನ್ನೂ ಕಂಡಿದ್ದೇನೆ. ಮೇಲಿನ ತವರದ ಲೇಪ ಹೋದ ಪಿನ್ನು ಬೆಳಗಾವಿಯ ಒಂದು ಮಳೆಗಾಲವನ್ನೂ ತಾಳುವುದಿಲ್ಲ. ತುಕ್ಕು ಬಿಡಿಸುವ ಸ್ಪ್ರೇಗಳನ್ನಂತೂ ನಾನು ಯಂತ್ರದ ಹತ್ತಿರಕ್ಕೂ ತರಗೊಡುವುದಿಲ್ಲ, ಏಕೆಂದರೆ ಅವು ಬಿಟ್ಟುಹೋಗುವ ಜಿಡ್ಡಿಗೆ ವಿಜಯಪುರದಂಥ ಊರಿನಲ್ಲಿ ಧೂಳು ಮೆತ್ತಿಕೊಳ್ಳಲು ಒಂದು ವಾರ ಸಾಕು. ಪಕ್ಕದ ಬೋರ್ಡಿನ ಮೇಲೂ ಕ್ಷಾರ ತಗುಲಿದ್ದರೆ ಬಿಳಿ ವಿನೆಗರಿನಿಂದ ಒರೆಸಿ, ನೀರಿನಿಂದ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒಣಗಿಸಿರಿ.

ಇಷ್ಟಾದ ಮೇಲೆ ಹೊಸ ಬೋರ್ಡಿಗೆ ವಿದ್ಯುತ್ ತರುವ ಜೆ4 ಕನೆಕ್ಟರನ್ನು ಮಾತ್ರ ಸಿಕ್ಕಿಸಿ, ಉಳಿದವುಗಳನ್ನು ಬಿಟ್ಟು ಸ್ವಿಚ್ ಹಾಕಿರಿ. ಚಿಪ್ಪುಗಳಿಗೆ ಬೇಕಾದ 5 ವೋಲ್ಟನ್ನು ಅದು ಹುಟ್ಟುವ ಸೊಲೆನಾಯ್ಡ್ ಡ್ರೈವರ್ ಬೋರ್ಡಿನ (ಕಾಯಿಲುಗಳನ್ನು ನಡೆಸುವ ಬೋರ್ಡಿನ) ಮೇಲೆ ಅಳೆದು ಸಮಾಧಾನಪಡಬಾರದು. ಹೊಸ ಬೋರ್ಡಿನ ಚಿಪ್ಪಿನ ಕಾಲುಗಳಲ್ಲಿಯೇ ಅಳೆಯಬೇಕು. ಅಲ್ಲಿ 5, ಇಲ್ಲಿ 4.6 ಬಂದರೆ ವ್ಯತ್ಯಾಸ ಕಳೆದುಹೋದದ್ದು ನಡುವಿನ ಕನೆಕ್ಟರಿನಲ್ಲಿ. ಅದೇ ಡ್ರೈವರ್ ಬೋರ್ಡಿನ ಮೇಲೆ ಡಿಸ್‌ಪ್ಲೇಗಾಗಿ 190 ವೋಲ್ಟ್ ಇರುವುದರಿಂದ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಅಳೆಯಿರಿ.

ಬೋರ್ಡಿನ ಮೇಲಿನ ಪುಟ್ಟ ಎಲ್‌ಇಡಿ ಮೊದಲು ಕ್ಷಣಕಾಲ ಮಿನುಗಿ, ಆಮೇಲೆ ಏಳು ಸಲ ಮಿಣುಕಬೇಕು. ಮೊದಲನೆಯದು ಆಟದ ಪ್ರೋಗ್ರಾಂ ಇರುವ ರೋಮ್ ಚಿಪ್ಪುಗಳು ಸರಿಯಿವೆ ಎಂಬುದಕ್ಕೆ. ಎರಡು ಮತ್ತು ಮೂರನೆಯವು 6810, 5101 ಎಂಬ ನೆನಪಿನ ಚಿಪ್ಪುಗಳಿಗೆ. ನಾಲ್ಕು ಮತ್ತು ಐದನೆಯವು ಎರಡು ಪಿಐಎ ಚಿಪ್ಪುಗಳಿಗೆ (ಬೋರ್ಡನ್ನು ಯಂತ್ರದ ಉಳಿದ ಭಾಗಗಳೊಡನೆ ಬೆಸೆಯುವವು). ಆರನೆಯದು 555 ಟೈಮರಿಗೆ. ಏಳನೆಯದಕ್ಕೂ ಬೋರ್ಡಿನ ಚಿಪ್ಪುಗಳ ಆರೋಗ್ಯಕ್ಕೂ ಸಂಬಂಧ ಕಡಿಮೆ. ಕಾಯಿಲುಗಳಿಗೆ (ಗುಂಡನ್ನು ಹೊಡೆಯುವ ಭಾಗಗಳನ್ನು ಎಳೆಯುವ ತಂತಿಸುರುಳಿಗಳಿಗೆ) ಹೋಗುವ 43 ವೋಲ್ಟ್ ಬಂದಿದೆಯೇ ಎಂಬುದನ್ನು ಅದು ಹೇಳುತ್ತದೆ. ಆರಕ್ಕೇ ನಿಂತರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಬೋರ್ಡಿನ ಸೊಲೆನಾಯ್ಡ್ ಫ್ಯೂಸನ್ನು ಹೊರತೆಗೆದು ಮೀಟರಿನಿಂದ ನೋಡಿರಿ, ಕಣ್ಣಿನಿಂದಲ್ಲ. ನನ್ನ ಸ್ನೇಹಿತರ ಬೋರ್ಡ್ ಎರಡು ಸಲ ಸಮುದ್ರ ದಾಟಿದ್ದು ಇದೊಂದನ್ನು ನೋಡದೆ. ಸುಟ್ಟ ಫ್ಯೂಸಿಗೆ ಸಿಗರೇಟ್ ಪೊಟ್ಟಣದ ಬೆಳ್ಳಿ ಹಾಳೆ ಸುತ್ತುವ ಜಾಣತನ ಇಲ್ಲಿ ಬೇಡ.

ಫ್ಯೂಸ್ ಸುಮ್ಮನೆ ಸುಡುವುದಿಲ್ಲವಾದ್ದರಿಂದ, ಪ್ಲಗ್ ಕಿತ್ತು ಆಟದ ಹಲಗೆಯನ್ನು ಎತ್ತಿ ಕಾಯಿಲುಗಳನ್ನು ಅಳೆಯಿರಿ. 2 ಓಮ್‌ಗಿಂತ ಕಡಿಮೆ ತೋರಿಸುವ ಕಾಯಿಲ್ ಒಳಗೆ ಬೆಂದಿರುತ್ತದೆ. ಪ್ರತಿ ಕಾಯಿಲಿಗೂ ಒಂದು 1ಎನ್4004 ಡಯೋಡ್ ಇದ್ದು, ಅದರ ಪಟ್ಟೆಯಿರುವ ತುದಿ 43 ವೋಲ್ಟ್ ಬರುವ ಕಡೆಗಿರಬೇಕು. ಡಯೋಡಿನ ಕಾಲು ಮುರಿದಿದ್ದರೆ ಕಾಯಿಲ್ ಬಿಡುವಾಗ ಏಳುವ ಹೊಡೆತಕ್ಕೆ ಅದನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರ್ ಸಾಯುತ್ತದೆ. ಕಾಯಿಲುಗಳ ಕನೆಕ್ಟರನ್ನು ಎಲ್ಲಕ್ಕಿಂತ ಕೊನೆಗೆ ಸಿಕ್ಕಿಸಿರಿ. ಸ್ವಿಚ್ ಹಾಕಿದೊಡನೆ ಯಾವುದಾದರೂ ಕಾಯಿಲ್ ಎಳೆದುಕೊಂಡು ಬಿಡದಿದ್ದರೆ ಹೊಗೆಗೆ ಕಾಯದೆ ಆರಿಸಿ, ಅದರ ಟ್ರಾನ್ಸಿಸ್ಟರನ್ನು ಬದಲಿಸಿರಿ. ನಾನು ಹಾಕುವುದು ಟಿಪ್-102.